ಹುಲಿ ಎಷ್ಟಿವೆ ಅಂತ ಗೊತ್ತು, ಹೇಗೆ ಬದುಕುತ್ತಿವೆ ಅಂತ ಗೊತ್ತಾ?

2025ರ ನವೆಂಬರ್ 7ರಂದು ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಿತು. ಅದಕ್ಕೆ ಹಿಂದಿನ ಕೆಲವೇ ವಾರಗಳಲ್ಲಿ ಮೈಸೂರು ಜಿಲ್ಲೆಯ ಸರಗೂರು ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ರೈತರು ಹುಲಿ ದಾಳಿಗೆ ಬಲಿಯಾಗಿದ್ದರು. ಸಫಾರಿ ಸಿಬ್ಬಂದಿಯನ್ನೂ ಹುಲಿ ಹಿಡಿಯುವ ಕಾರ್ಯಾಚರಣೆಗೆ ಹಚ್ಚುವಂತೆ ಅರಣ್ಯ ಸಚಿವರು ಸೂಚಿಸಿದರು. ಅದೇ ವರ್ಷ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು.

ಎರಡೂ ಘಟನೆಗಳಿಗೆ ಜನ ಕೊಟ್ಟ ವಿವರಣೆ ಒಂದೇ. "ಹುಲಿ ಜಾಸ್ತಿಯಾಗಿವೆ, ಕಾಡು ಸಾಲುತ್ತಿಲ್ಲ." ಟಿವಿ ಚರ್ಚೆಯಲ್ಲೂ ಅದೇ, ಟೀ ಅಂಗಡಿಯಲ್ಲೂ ಅದೇ. ಇದಕ್ಕೆ ಆಧಾರವಾಗಿ ಎಲ್ಲರೂ ಹೇಳುವ ಅಂಕಿ 563. 2022ರ ಅಖಿಲ ಭಾರತ ಹುಲಿ ಅಂದಾಜಿನಲ್ಲಿ ಕರ್ನಾಟಕಕ್ಕೆ ಸಿಕ್ಕ ಸಂಖ್ಯೆ ಅದು. 785 ಹುಲಿಗಳ ಮಧ್ಯಪ್ರದೇಶದ ನಂತರ ಎರಡನೇ ಸ್ಥಾನ ನಮ್ಮದು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ಅಂದಾಜಿನ ಆರನೇ ಸುತ್ತು 2026ರದ್ದು. ಫಲಿತಾಂಶ ಬಂದ ದಿನ ಮತ್ತೆ ಅದೇ ಪ್ರಶ್ನೆ ಏಳುತ್ತದೆ: ನಾವು ಮೊದಲಾ, ಅವರು ಮೊದಲಾ?

ಆ ಪೈಪೋಟಿ ಬಗ್ಗೆ ನನಗೆ ಆಸಕ್ತಿ ಇಲ್ಲ. ಸರಗೂರಿನ ಹೊಲದಲ್ಲಿ ಹುಲಿ ಯಾಕೆ ಕೂತಿತ್ತು ಅನ್ನುವುದಕ್ಕೆ 563 ಉತ್ತರ ಕೊಡುವುದಿಲ್ಲ. ಆ ಉತ್ತರ ಬೇಕಾದರೆ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತು ಮಾಡುವ ಅಧ್ಯಯನ ಬೇಕು. ಅಂಥ ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಕೆಲವು ನಮ್ಮ ಕಾಡಿನಲ್ಲೇ ನಡೆದಿವೆ. ಅವು ಹೇಳಿದ್ದನ್ನು ನಾವು ಕೇಳಿಸಿಕೊಂಡಿಲ್ಲ ಅನ್ನುವುದೇ ನನ್ನ ಸಂಕಟ.

ಮೊದಲು ಈ ಸಂಖ್ಯೆ ಎಲ್ಲಿಂದ ಬರುತ್ತದೆ ನೋಡೋಣ. 1960ರ ದಶಕದಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ಹೆಜ್ಜೆ ಗುರುತಿನ ವಿಧಾನವನ್ನು ತಂದರು. ಗಾರ್ಡ್‌ಗಳು ಕಾಡಿನ ದಾರಿಯಲ್ಲಿ, ನೀರಿನ ಬಳಿ ಹುಲಿಯ ಹೆಜ್ಜೆ ಹುಡುಕುತ್ತಿದ್ದರು. ಮೇಲೆ ಗಾಜು ಇಟ್ಟು ಅದರ ಗೆರೆ ಎಳೆಯುತ್ತಿದ್ದರು, ಇಲ್ಲವೇ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಿದ್ದರು. ಒಂದೊಂದು ಹುಲಿಯ ಹೆಜ್ಜೆಯೂ ಬೇರೆ, ಅದನ್ನು ನೋಡಿಯೇ ಹುಲಿಯನ್ನು ಗುರುತಿಸಬಹುದು ಅನ್ನುವುದು ನಂಬಿಕೆ. ಆದರೆ ಒದ್ದೆ ಮಣ್ಣಿನಲ್ಲಿ ಒಂದು ಥರ ಮೂಡುವ ಹೆಜ್ಜೆ ಒಣ ಧೂಳಿನಲ್ಲಿ ಇನ್ನೊಂದು ಥರ ಮೂಡುತ್ತದೆ. ಅದೇ ಹುಲಿ ಓಡಿದರೆ ಮತ್ತೊಂದು ಥರ. ಕಾಡಿನ ಎಲ್ಲ ಹುಲಿಗಳ ಹೆಜ್ಜೆಯೂ ಸಿಕ್ಕಿದೆ ಅನ್ನುವುದಕ್ಕೆ ಖಾತ್ರಿಯೂ ಇರಲಿಲ್ಲ. 1972ರಲ್ಲಿ ಇಡೀ ದೇಶದ ಲೆಕ್ಕ 1827. 2001-02ರ ಹೊತ್ತಿಗೆ ಅದು 3642 ಆಗಿತ್ತು. ಎಲ್ಲರಿಗೂ ಸಮಾಧಾನ. ಆಮೇಲೆ 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಅನ್ನುವುದು ಖಚಿತವಾಯಿತು. ಕಾಗದದ ಮೇಲೆ ಮಾತ್ರ ಹುಲಿಗಳಿದ್ದವು.

ಅದಕ್ಕೆ ಹತ್ತು ವರ್ಷ ಮೊದಲೇ ನಾಗರಹೊಳೆಯಲ್ಲಿ ಬೇರೆ ದಾರಿ ಸಿದ್ಧವಾಗಿತ್ತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿ ಓಡಾಡುವ ದಾರಿಗಳಲ್ಲಿ ಕ್ಯಾಮೆರಾ ಕಟ್ಟಿದರು. ಹುಲಿಯ ಮೈಪಟ್ಟೆ ಒಂದರಂತೆ ಇನ್ನೊಂದು ಇರುವುದಿಲ್ಲ. ಎಡ ಮೈಯ ಪಟ್ಟೆಯೇ ಬೇರೆ, ಬಲ ಮೈಯದೇ ಬೇರೆ. ಹಾಗಾಗಿ ದಾರಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ ಬೇಕು. 1995ರಲ್ಲಿ ಪ್ರಕಟವಾದ ಅವರ ಪ್ರಬಂಧದ ಬಲ ಇರುವುದು ಫೋಟೋದಲ್ಲಲ್ಲ, ಅದರ ಹಿಂದಿನ ಲೆಕ್ಕದಲ್ಲಿ. ಕೆರೆಯಲ್ಲಿ 50 ಮೀನು ಹಿಡಿದು ಗುರುತು ಹಾಕಿ ಬಿಟ್ಟಿರಿ ಅಂದುಕೊಳ್ಳಿ. ಮಾರನೇ ದಿನ ಮತ್ತೆ 50 ಹಿಡಿದಿರಿ. ಅದರಲ್ಲಿ 10ಕ್ಕೆ ಗುರುತಿದೆ. ಅಂದರೆ ಐದರಲ್ಲಿ ಒಂದಕ್ಕೆ. ಹಾಗಾದರೆ ಕೆರೆಯಲ್ಲಿ ಸುಮಾರು 250 ಮೀನು ಇರಬೇಕು. ಹುಲಿಗೆ ಗುರುತನ್ನು ಹುಟ್ಟಿನಿಂದಲೇ ಹಾಕಿ ಕಳಿಸಲಾಗಿದೆ. ನಾವು ಕ್ಯಾಮೆರಾ ಮುಂದೆ ಅದು ಎಷ್ಟು ಸಲ ಬಂತು ಅಂತ ನೋಡಿದರೆ ಸಾಕು. ಕ್ಯಾಮೆರಾಗೆ ಸಿಗದ ಹುಲಿಗಳೂ ಇವೆ ಅಂತ ಒಪ್ಪಿಕೊಂಡು, ಅವು ಎಷ್ಟಿರಬಹುದು ಅಂತ ಅಂದಾಜು ಮಾಡುವುದೇ ಈ ವಿಧಾನದ ತಿರುಳು.

ಹೊಸ ವಿಧಾನದಲ್ಲಿ 2006ರ ಲೆಕ್ಕ ಬಂದಾಗ ದೇಶದಲ್ಲಿ ಸಿಕ್ಕ ಹುಲಿ 1411. ನಾಲ್ಕೈದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹುಲಿ ಸತ್ತುಹೋದವಾ? ಕಳ್ಳಬೇಟೆ ಇತ್ತು, ನಿಜ. ಆದರೆ 3642 ಮತ್ತು 1411 ಬೇರೆ ಬೇರೆ ಅಳತೆಗೋಲಿನಿಂದ ಬಂದವು. ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ. ಆಗ ಎಲ್ಲರೂ ಕಳೆದೇ ಕಳೆದರು.

ಈಗಲೂ ಅದೇ ನಡೆಯುತ್ತಿದೆ. 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ಹುಲಿ ಯೋಜನೆಯ 50 ವರ್ಷದ ಸಮಾರಂಭದಲ್ಲಿ ಪ್ರಧಾನಿ ಬಿಡುಗಡೆ ಮಾಡಿದ ಸಂಖ್ಯೆ 3167. ಅದೇ ವರ್ಷ ಜುಲೈ 29ರಂದು ಬಂದ ಸಂಖ್ಯೆ 3682. ಮೂರೂವರೆ ತಿಂಗಳಲ್ಲಿ 500 ಹುಲಿ ಹುಟ್ಟಲಿಲ್ಲ. ಮೊದಲನೆಯದು ಕನಿಷ್ಠ ಲೆಕ್ಕ. ಎರಡನೆಯದು ಕ್ಯಾಮೆರಾ ಇಲ್ಲದ ಕಾಡುಗಳನ್ನೂ ಸೇರಿಸಿ ಮಾಡಿದ ಅಂದಾಜಿನ ಸರಾಸರಿ. ಮೇಲಿನ ಮಿತಿ 3925. ಆ ಸುತ್ತಿನಲ್ಲಿ 32,588 ಜಾಗಗಳಲ್ಲಿ ಕ್ಯಾಮೆರಾ ಇಡಲಾಗಿತ್ತು. 4.7 ಕೋಟಿ ಫೋಟೋ ಬಂದವು. ಅದರಲ್ಲಿ ಹುಲಿಯ ಫೋಟೋ 97,399. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪತ್ರಿಕೆಯ ತಲೆಬರಹದಲ್ಲಿ ಉಳಿದದ್ದು ಒಂದೇ ಒಂದು ಅಂಕಿ.

ಆನೆಯ ವಿಷಯದಲ್ಲಿ ಗೊಂದಲ ಇನ್ನೂ ಜಾಸ್ತಿ. 2023ರಲ್ಲಿ ಕರ್ನಾಟಕ ಪ್ರಕಟಿಸಿದ ಲೆಕ್ಕ 6395. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ವರದಿ ಬಂತು. ಅದರಲ್ಲಿ ನಮ್ಮ ಆನೆ 6013, ಇಡೀ ದೇಶದ್ದು 22,446. "ಆನೆ ಕಡಿಮೆಯಾದವು" ಅಂತ ಸುದ್ದಿಯಾಯಿತು. ಕೇಂದ್ರದ ವರದಿ ಲದ್ದಿಯಿಂದ ಡಿಎನ್‌ಎ ತೆಗೆದು ಒಂದೊಂದು ಆನೆಯನ್ನೂ ಗುರುತಿಸುವ ವಿಧಾನದ್ದು. ಮೊದಲಿನವು ಕಣ್ಣಿಗೆ ಕಂಡ ಆನೆ ಮತ್ತು ಲದ್ದಿಯ ರಾಶಿ ಎಣಿಸಿ ಮಾಡಿದವು. ಹೊಸ ಸಂಖ್ಯೆಯನ್ನು ಹೊಸ ಆರಂಭ ಅಂತಲೇ ನೋಡಬೇಕು, ಹಳೆಯದಕ್ಕೆ ಹೋಲಿಸಬಾರದು ಅಂತ ವರದಿ ಮಾಡಿದವರೇ ಹೇಳಿದರು. ಆ ಮಾತು ಎಷ್ಟು ಜನರಿಗೆ ತಲುಪಿತು?

ಇನ್ನು ಈ ಸಂಖ್ಯೆ ಹೇಳದ ವಿಷಯಗಳಿಗೆ ಬರೋಣ.

ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ ನಡೆದ ಕ್ಯಾಮೆರಾ ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅದೇ ಕಾಡು, ಅದೇ ದಾರಿಗಳು, ವರ್ಷದ ಮೇಲೆ ವರ್ಷ. 2006ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷ ಅಲ್ಲಿದ್ದ ಹುಲಿಗಳಲ್ಲಿ ಸುಮಾರು ಶೇ 23ರಷ್ಟು ಮರುವರ್ಷ ಇರುತ್ತಿರಲಿಲ್ಲ. ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು. ಕೆಲವು ಸತ್ತಿರುತ್ತಿದ್ದವು, ಕೆಲವು ಜಾಗ ಬಿಟ್ಟು ಹೋಗಿರುತ್ತಿದ್ದವು. ಆದರೂ ಹುಲಿಗಳ ಸಂಖ್ಯೆ ಕುಸಿಯಲಿಲ್ಲ. ಖಾಲಿಯಾದ ಜಾಗಕ್ಕೆ ಹೊಸ ಹುಲಿಗಳು ಬರುತ್ತಿದ್ದವು. ಹೊರಗಿನಿಂದ ನೋಡಿದವರಿಗೆ "ನಾಗರಹೊಳೆಯಲ್ಲಿ ಹುಲಿ ಇದ್ದಷ್ಟೇ ಇವೆ" ಅನ್ನಿಸುತ್ತಿತ್ತು. ಒಳಗೆ ಹುಲಿಗಳು ಬದಲಾಗುತ್ತಲೇ ಇದ್ದವು.

ಇದರ ಅರ್ಥ ಏನು? ಮರಿ ಎರಡು ವರ್ಷದ ಹೊತ್ತಿಗೆ ತಾಯಿಯಿಂದ ಬೇರೆಯಾಗುತ್ತದೆ. ಹೆಣ್ಣುಮರಿ ತಾಯಿಯ ಜಾಗದ ಪಕ್ಕದಲ್ಲೇ ಜಾಗ ಹುಡುಕುತ್ತದೆ. ನಾಗರಹೊಳೆಯಂಥ ಒಳ್ಳೆಯ ಕಾಡಿನಲ್ಲಿ ಒಂದು ಹೆಣ್ಣು ಹುಲಿಗೆ ಹದಿನೈದು ಇಪ್ಪತ್ತು ಚದರ ಕಿ.ಮೀ. ಸಾಕಾಗುತ್ತದೆ. ಗಂಡುಮರಿ ದೂರ ಹೋಗಲೇಬೇಕು, ಇಲ್ಲದಿದ್ದರೆ ದೊಡ್ಡ ಗಂಡು ಬಿಡುವುದಿಲ್ಲ. ಜಾಗ ಸಿಗದ ಹರೆಯದ ಗಂಡು, ಜಾಗ ಕಳೆದುಕೊಂಡ ಮುದಿ ಹುಲಿ, ಗಾಯಗೊಂಡ ಹುಲಿ, ಇವು ಕಾಡಿನ ಅಂಚಿಗೆ ಬರುತ್ತವೆ. ಅಂಚಿನಲ್ಲಿ ದನ ಇರುತ್ತವೆ. ಇದು 2025ರಲ್ಲಿ ಶುರುವಾದದ್ದಲ್ಲ. ರಾಜ್ಯದ ಒಟ್ಟು ಹುಲಿ ಈಗಿನದಕ್ಕಿಂತ ಕಡಿಮೆ ಇದ್ದ ತೊಂಬತ್ತರ ದಶಕದಲ್ಲೂ ನಾಗರಹೊಳೆಯಲ್ಲಿ ಪ್ರತಿ ವರ್ಷ ನಾಲ್ಕರಲ್ಲಿ ಒಂದು ಹುಲಿ ಜಾಗ ಖಾಲಿ ಮಾಡುತ್ತಿತ್ತು. ಆರೋಗ್ಯವಾಗಿರುವ ಹುಲಿ ಕಾಡು ಅಂದರೆ ಅದೇ. ಹಾಗಾಗಿ "ಜಾಸ್ತಿಯಾಗಿವೆ, ಅದಕ್ಕೇ ಬರುತ್ತಿವೆ" ಅನ್ನುವ ಮಾತು ಅರ್ಧ ಮಾತ್ರ ಸರಿ. ಅಂಚಿಗೆ ಬಂದ ಹುಲಿ ಒಂದು ಊರಿನಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ, ಇನ್ನೊಂದು ಊರಿನಲ್ಲಿ ಮನುಷ್ಯನ ಮೇಲೆ ಬೀಳುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಹುಲಿ ಎಷ್ಟಿರಬಹುದು ಅನ್ನುವುದನ್ನು ನಿರ್ಧರಿಸುವುದು ಕಾಡಿನ ವಿಸ್ತಾರ ಒಂದೇ ಅಲ್ಲ, ಅಲ್ಲಿರುವ ಬೇಟೆ ಪ್ರಾಣಿ. ಒಂದು ಹುಲಿ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಕೊಲ್ಲುತ್ತದೆ. ಬೇಟೆ ಪ್ರಾಣಿಗಳ ಸಂಖ್ಯೆ ಕುಸಿಯದಂತೆ ಹುಲಿ ತಿನ್ನಬಹುದಾದದ್ದು ಹತ್ತರಲ್ಲಿ ಒಂದು. ಅಂದರೆ ಒಂದು ಹುಲಿ ಬದುಕಲು 500 ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳು ಬೇಕು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ದೇಶದ 11 ಕಾಡುಗಳನ್ನು ಹೋಲಿಸಿತು. 100 ಚದರ ಕಿ.ಮೀ.ಗೆ ಹುಲಿಗಳ ಸಂಖ್ಯೆ ಒಂದು ಕಡೆ 3.2, ಇನ್ನೊಂದು ಕಡೆ 16.8. ಈ ಅಂತರಕ್ಕೆ ಮುಖ್ಯ ಕಾರಣ ಬೇಟೆ ಪ್ರಾಣಿ ಎಷ್ಟಿವೆ ಅನ್ನುವುದೇ ಆಗಿತ್ತು. ನಾಗರಹೊಳೆಯ ಇನ್ನೊಂದು ಅಧ್ಯಯನ ಹುಲಿ, ಚಿರತೆ, ಸೀಳುನಾಯಿಗಳ ಮಲ ಮತ್ತು ಅವು ಕೊಂದ ಪ್ರಾಣಿಗಳನ್ನು ನೋಡಿ, ಮೂರೂ ಒಂದೇ ಕಾಡಿನಲ್ಲಿ ಹೇಗೆ ಹೊಂದಿಕೊಂಡಿವೆ ಅಂತ ತೋರಿಸಿತು. ಹುಲಿ ಕೊಂದ ಮುಖ್ಯ ಬೇಟೆಗಳ ಸರಾಸರಿ ತೂಕ 91.5 ಕೆಜಿ, ಸೀಳುನಾಯಿಯದು 43.4, ಚಿರತೆಯದು 37.6. ಕಾಟಿ ಮತ್ತು ಕಡವೆ ಚೆನ್ನಾಗಿರುವ ಕಾಡಿನಲ್ಲಿ ಹುಲಿಗೆ ದನದ ಹಂಗು ಕಡಿಮೆ.

ಜಿಂಕೆ ಎಣಿಸುವುದು ಹುಲಿ ಎಣಿಸುವುದಕ್ಕಿಂತ ಸುಲಭ ಅಂದುಕೊಳ್ಳಬೇಡಿ. ಅದಕ್ಕೆ ಪಟ್ಟೆಯ ಗುರುತಿಲ್ಲ. ಕಾಡಿನಲ್ಲಿ ನೇರ ಗೆರೆ ಹಾಕಿದಂತೆ ಟ್ರಾನ್ಸೆಕ್ಟ್ ಲೈನ್ ಮಾಡಿರುತ್ತಾರೆ. ಬೆಳಗಿನ ಜಾವ ಇಬ್ಬರು ಮಾತಿಲ್ಲದೆ ನಿಧಾನವಾಗಿ ನಡೆಯುತ್ತಾರೆ. ಪ್ರಾಣಿ ಕಂಡಾಗ ಯಾವುದು, ಗುಂಪಿನಲ್ಲಿ ಎಷ್ಟು, ಎಷ್ಟು ದೂರ, ಯಾವ ಕೋನದಲ್ಲಿ ಅಂತ ಬರೆದುಕೊಳ್ಳುತ್ತಾರೆ. ದೂರ ಹೋದ ಹಾಗೆ ಕಣ್ಣಿಗೆ ತಪ್ಪುವ ಪ್ರಾಣಿ ಜಾಸ್ತಿ. ಎಷ್ಟು ತಪ್ಪುತ್ತವೆ ಅನ್ನುವುದನ್ನು ಈ ದೂರಗಳಿಂದಲೇ ಲೆಕ್ಕ ಹಾಕುತ್ತಾರೆ. ಬೇಸರದ ಕೆಲಸ, ಫೋಟೋ ಇಲ್ಲ, ಸುದ್ದಿಯಾಗುವುದಿಲ್ಲ. ಹುಲಿಯ ನಾಳೆ ಇರುವುದು ಮಾತ್ರ ಅವರು ಬರೆದುಕೊಳ್ಳುವ ಈ ಪುಸ್ತಕದಲ್ಲಿ.

ಆ ಬೇಟೆ ಪ್ರಾಣಿಗಳಿಗೆ ಹುಲ್ಲು ಬೇಕಲ್ಲ. ಬಿಳಿಗಿರಿರಂಗನ ಬೆಟ್ಟದ ಕಡೆ ತಿರುಗಿ. ಅಲ್ಲಿ 1997ರಲ್ಲಿ ಕಾಡಿನುದ್ದಕ್ಕೂ ತುಂಡು ಜಾಗಗಳನ್ನು ಗುರುತು ಮಾಡಿ ಗಿಡಮರ ಎಣಿಸಿದ್ದರು. 2008ರಲ್ಲಿ ಅವೇ ಜಾಗಗಳಿಗೆ ಹೋಗಿ ಮತ್ತೆ ಎಣಿಸಿದರು. ಮೊದಲ ಸಲ ಶೇ 41ರಷ್ಟು ಜಾಗಗಳಲ್ಲಿದ್ದ ಲಂಟಾನ, ಎರಡನೇ ಸಲ ಶೇ 81ರಷ್ಟು ಜಾಗಗಳಲ್ಲಿತ್ತು. ಹುಲ್ಲಿಗೆ ಬಿಸಿಲು ತಾಗದಂತೆ ಮುಚ್ಚಿಕೊಳ್ಳುವ ಪೊದೆ ಅದು. ಸೋಲಿಗರ ಹಿರಿಯರು ಇದಕ್ಕೆ ಕಾರಣವನ್ನೂ ಹೇಳುತ್ತಾರೆ. ಮೊದಲು ಬೇಸಿಗೆ ಬಿರುಸಾಗುವ ಮುಂಚೆ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು ಅನ್ನುವುದು ಅವರ ಮಾತು. ಸಂಶೋಧಕರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ದಾಖಲಿಸಿದ್ದಾರೆ. ಈ ಅಧ್ಯಯನದ ಬೆಲೆ ಇರುವುದು ಹನ್ನೊಂದು ವರ್ಷದ ನಂತರ ಅದೇ ಜಾಗಕ್ಕೆ ವಾಪಸ್ ಹೋದದ್ದರಲ್ಲಿ. ಒಂದೇ ಸಲ ಹೋಗಿದ್ದರೆ "ಇಲ್ಲಿ ಲಂಟಾನ ಇದೆ" ಅಂತ ಮಾತ್ರ ಗೊತ್ತಾಗುತ್ತಿತ್ತು.

ಈಗ ಕಾಡುಪ್ರಾಣಿ ಊರಿಗೆ ಬಂದಾಗ ನಾವು ಮೊದಲು ಮಾಡುವ ಕೆಲಸದ ಬಗ್ಗೆ. ಬೋನು ಇಡಿ, ಹಿಡಿಯಿರಿ, ದೂರದ ಕಾಡಿಗೆ ಬಿಡಿ. ಜನರ ಒತ್ತಾಯವೂ ಅದೇ. ಮನೆಯವರನ್ನು ಕಳೆದುಕೊಂಡವರ ಮುಂದೆ ನಿಂತು ಇದು ಬೇಡ ಅನ್ನುವುದು ಯಾರಿಗೂ ಕಷ್ಟ. ಆದರೆ ಇದರ ಪರಿಣಾಮ ಏನಾಗುತ್ತದೆ ಅಂತ ಪಕ್ಕದ ಮಹಾರಾಷ್ಟ್ರದಲ್ಲಿ ಅಳೆದು ನೋಡಿದ್ದಾರೆ.

ಪುಣೆ ಜಿಲ್ಲೆಯ ಜುನ್ನರ್ ಕಬ್ಬಿನ ಸೀಮೆ. 2001ರಿಂದ ಅಲ್ಲಿ ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಕಾಡಿಗೆ ಬಿಟ್ಟರು. ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಜೊತೆಗಾರರು ಅದಕ್ಕೆ ಮೊದಲಿನ ಮತ್ತು ನಂತರದ ದಾಳಿಗಳನ್ನು ಹೋಲಿಸಿದರು. 1993ರಿಂದ 2001ರವರೆಗೆ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ. ಚಿರತೆಗಳನ್ನು ಸಾಗಿಸಲು ಶುರು ಮಾಡಿದ ಮೇಲೆ ಅದು 17ಕ್ಕೆ ಏರಿತು. ದಾಳಿ ನಿಲ್ಲಲಿ ಅಂತ ಮಾಡಿದ ಕೆಲಸದಿಂದಲೇ ದಾಳಿ ನಾಲ್ಕು ಪಟ್ಟು ಹೆಚ್ಚಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಬೋನಿನಲ್ಲಿ ಸಿಕ್ಕಿ ಬೆದರಿದ ಪ್ರಾಣಿಯನ್ನು ಗೊತ್ತಿಲ್ಲದ ಜಾಗದಲ್ಲಿ ಬಿಟ್ಟಾಗ ಅದು ತನ್ನ ಜಾಗಕ್ಕೆ ಮರಳಲು ನೋಡುತ್ತದೆ. ದಾರಿಯಲ್ಲಿ ಊರುಗಳು ಸಿಗುತ್ತವೆ. ಅದು ಬಿಟ್ಟುಹೋದ ಜಾಗಕ್ಕೆ ಬೇರೆ ಚಿರತೆ ಬರುತ್ತದೆ.

ಅವರ ಮುಂದಿನ ಅಧ್ಯಯನ ಇನ್ನೂ ಕಣ್ಣು ತೆರೆಸುವಂಥದ್ದು. ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಅಕೋಲೆ ಕಣಿವೆಯಲ್ಲಿ ಚದರ ಕಿ.ಮೀ.ಗೆ 300ಕ್ಕೂ ಹೆಚ್ಚು ಜನ ವಾಸಿಸುತ್ತಾರೆ. ಹೇಳಿಕೊಳ್ಳುವಂಥ ಕಾಡಿಲ್ಲ. ಅಲ್ಲಿ ಕ್ಯಾಮೆರಾ ಕಟ್ಟಿದಾಗ 100 ಚದರ ಕಿ.ಮೀ.ಗೆ ಸುಮಾರು 5 ಚಿರತೆ ಸಿಕ್ಕವು. ಹೆಚ್ಚುಕಮ್ಮಿ ಅಷ್ಟೇ ಕತ್ತೆಕಿರುಬಗಳೂ ಇದ್ದವು. ಚಿರತೆಗಳು ಅಲ್ಲೇ ಸಂಸಾರ ಮಾಡಿಕೊಂಡು, ಮರಿ ಹಾಕಿಕೊಂಡು ಇದ್ದವು. ಊರಿನ ಪಕ್ಕ ಚಿರತೆ ಕಂಡ ಮಾತ್ರಕ್ಕೆ ಅದು ಕಾಡಿನಿಂದ ದಾರಿ ತಪ್ಪಿ ಬಂದದ್ದು ಅಂತ ಹೇಳಲು ಬರುವುದಿಲ್ಲ. ಅದರ ಮನೆಯೇ ಅದು. ನಮ್ಮಲ್ಲಿ ಮೈಸೂರು, ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ ಚಿರತೆ ಕಂಡ ಕೂಡಲೇ ಬೋನು ಬರುತ್ತದೆ. ಜುನ್ನರ್‌ನ ಫಲಿತಾಂಶ ಪ್ರಕಟವಾದದ್ದು 2011ರಲ್ಲಿ. ಇಷ್ಟು ವರ್ಷ ಆದ ಮೇಲೂ ನಮ್ಮ ಮೊದಲ ಪ್ರತಿಕ್ರಿಯೆ ಬೋನು. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಹೋದ ಜೀವಗಳ ವಿಷಯ ಇದು.

ಜನರನ್ನು ಕೊಲ್ಲುತ್ತಿರುವ ಹುಲಿಯನ್ನು ಹಿಡಿಯಬಾರದು ಅಂತ ನಾನು ಹೇಳುತ್ತಿಲ್ಲ. ಹಿಡಿಯಲೇಬೇಕು, ಬೇಗ ಹಿಡಿಯಬೇಕು, ಮತ್ತೆ ಬಿಡಬಾರದು. ಆದರೆ ಹಿಡಿಯಬೇಕಾದದ್ದು ಯಾವ ಹುಲಿ ಅಂತ ತಿಳಿಯುವುದಕ್ಕೂ ಪಟ್ಟೆಯ ಫೋಟೋಗಳು ಬೇಕು. ಆ ಕಾಡಿನ ಹುಲಿಗಳ ಆಲ್ಬಂ ಮೊದಲೇ ಇದ್ದರೆ ದಾಳಿ ಮಾಡಿದ ಹುಲಿಯನ್ನು ಬೇಗ ಗುರುತಿಸಬಹುದು. ಇಲ್ಲದಿದ್ದರೆ ಸಿಕ್ಕ ಹುಲಿಯೇ ಕೊಂದ ಹುಲಿ ಅಂತ ತೀರ್ಮಾನಿಸಬೇಕಾಗುತ್ತದೆ.

ಅಧ್ಯಯನ ಜೀವ ಉಳಿಸಿದ ಉದಾಹರಣೆ ಬೇಕಾದರೆ ತಮಿಳುನಾಡಿನ ವಾಲ್ಪಾರೈ ನೋಡಿ. ಸುತ್ತಲೂ ಆನೈಮಲೆ ಕಾಡು, ನಡುವೆ ಟೀ ಎಸ್ಟೇಟುಗಳು. ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 2002ರಿಂದ ಅಲ್ಲಿ ಆನೆಗಳ ಹಿಂದೆ ನಡೆದರು. ಯಾವ ಹಿಂಡು, ಯಾವ ತಿಂಗಳು, ಯಾವ ಹಳ್ಳದ ದಾರಿ, ಎಲ್ಲಾ ಬರೆದಿಟ್ಟರು. ಆನೆಯಿಂದ ಸತ್ತವರ ಪ್ರಕರಣಗಳನ್ನೂ ಒಂದೊಂದಾಗಿ ನೋಡಿದರು. ಹೆಚ್ಚಿನವರಿಗೆ ಅಲ್ಲಿ ಆನೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ಸಂಜೆ ಬಸ್ಸು ಇಳಿದು ಮನೆಗೆ ನಡೆದು ಹೋಗುವಾಗ ಎದುರಾದ ಆನೆ. ಸಮಸ್ಯೆ ಇಷ್ಟು ಸ್ಪಷ್ಟವಾದ ಮೇಲೆ ಪರಿಹಾರವೂ ಸರಳವಾಯಿತು. ಸಂಜೆ ಆನೆ ಎಲ್ಲಿದೆ ಅಂತ ಸುತ್ತಲಿನ ಜನರ ಮೊಬೈಲಿಗೆ ತಮಿಳಿನಲ್ಲಿ ಮೆಸೇಜು, ಎತ್ತರದ ಜಾಗಗಳಲ್ಲಿ ಕೆಂಪು ದೀಪ, ಕೊನೆಯ ಬಸ್ಸಿನಲ್ಲಿ ಎಚ್ಚರಿಕೆ. ಸಾವುಗಳು ಇಳಿದವು. ಹಾಸನದ ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಆನೆಗಳಿಗೆ ರೇಡಿಯೊ ಕಾಲರ್ ಹಾಕಿ ಎಚ್ಚರಿಕೆ ಕಳಿಸುವ ವ್ಯವಸ್ಥೆಯೂ ಇದೇ ಜಾಡಿನದು. ಇಲ್ಲಿ ಆನೆಗಳ ಸಂಖ್ಯೆ ಎಷ್ಟು ಅನ್ನುವುದು ಮುಖ್ಯವೇ ಆಗಲಿಲ್ಲ. ಇವತ್ತು ಸಂಜೆ ಎಲ್ಲಿವೆ ಅನ್ನುವುದು ಮುಖ್ಯವಾಯಿತು.

ಹಕ್ಕಿಗಳ ಕಥೆ ಸ್ವಲ್ಪ ಬೇರೆ, ಸ್ವಲ್ಪ ಸಂತೋಷದ್ದೂ ಹೌದು. ಹಕ್ಕಿ ನೋಡಲು ಕಾಡಿನೊಳಗೆ ಹೋಗಲು ಅನುಮತಿ ಬೇಕಿಲ್ಲ. ಮನೆಯ ಹಿತ್ತಲು, ಊರ ಕೆರೆ ಸಾಕು. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರುವುದು ಸುಮಾರು 30,000 ಹಕ್ಕಿ ವೀಕ್ಷಕರು ದಾಖಲಿಸಿದ 3 ಕೋಟಿ ಮಾಹಿತಿಯ ಮೇಲೆ. 942 ಜಾತಿಯ ಹಕ್ಕಿಗಳನ್ನು ಅದು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಕಡಿಮೆಯಾಗಿವೆ. ನವಿಲು ಹೆಚ್ಚಾಗಿದೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಯುತ್ತಿದೆ. ಕರೆಂಟ್ ತಂತಿಯ ಮೇಲೆ ಕೂತು, ಹಾರಿದಾಗ ರೆಕ್ಕೆಯ ನೀಲಿ ಮಿಂಚಿಸುವ ಹಕ್ಕಿ. ಅದರ ಸ್ಥಿತಿಯನ್ನು ಮತ್ತೆ ಪರಿಶೀಲಿಸಬೇಕು ಅಂತ ವರದಿ ಶಿಫಾರಸು ಮಾಡಿದ ಜಾತಿಗಳಲ್ಲಿ ಅದೂ ಒಂದು. ಬಯಲು, ಹುಲ್ಲುಗಾವಲು, ಹೊಲಗಳ ಹಕ್ಕಿಗಳು ಸೋಲುತ್ತಿವೆ ಅನ್ನುವುದು ವರದಿಯ ಮುಖ್ಯ ಮಾತು. ಹುಲಿ ಕಾಡಿಗೆ ಸಿಗುವ ಗಮನ ಸಿರುಗುಪ್ಪದ ಎರೆ ಹೊಲಗಳಿಗೆ ಸಿಗುವುದಿಲ್ಲ. ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಕೊನೆಯ ನೆಲೆ ಅದು.

ಜನರೇ ಕೊಡುವ ಮಾಹಿತಿಗೆ ಅದರದ್ದೇ ಕೊರತೆ ಇದೆ. ವೀಕ್ಷಕರು ಬರೆಯುವ ಪಟ್ಟಿಗಳಲ್ಲಿ ಭಾನುವಾರದ್ದು ಜಾಸ್ತಿ, ಬೆಂಗಳೂರಿನ ಸುತ್ತಲಿನ ಕೆರೆಗಳದ್ದು ಜಾಸ್ತಿ, ರಾಯಚೂರಿನ ಒಣ ಹೊಲದ್ದು ಕಡಿಮೆ. ಅಪರೂಪದ ಹಕ್ಕಿಯನ್ನು ಎಲ್ಲರೂ ಬರೆಯುತ್ತಾರೆ, ಕಾಗೆ ಬರೆಯುವವರು ಕಡಿಮೆ. ಅದಕ್ಕೇ ಕಂಡ ಎಲ್ಲಾ ಹಕ್ಕಿಗಳ ಪೂರ್ತಿ ಪಟ್ಟಿ ಬರೆದ ದಾಖಲೆಗಳನ್ನು ಮಾತ್ರ ಇಂಥ ವಿಶ್ಲೇಷಣೆಗೆ ತೆಗೆದುಕೊಳ್ಳುತ್ತಾರೆ. ನೂರು ಪಟ್ಟಿಯಲ್ಲಿ ನೀಲಕಂಠ ಎಷ್ಟರಲ್ಲಿದೆ ಅಂತ ವರ್ಷದಿಂದ ವರ್ಷಕ್ಕೆ ನೋಡುತ್ತಾರೆ. ನೀವು ಹಕ್ಕಿ ನೋಡುವವರಾದರೆ ದಯವಿಟ್ಟು ಕಾಗೆಯನ್ನೂ ಬರೆಯಿರಿ.

ಕ್ಷೇತ್ರ ಅಧ್ಯಯನ ನಮ್ಮ ನಂಬಿಕೆಯನ್ನು ಹೇಗೆ ತಿದ್ದುತ್ತದೆ ಅನ್ನುವುದಕ್ಕೆ ಪಟ್ಟೆತಲೆ ಹೆಬ್ಬಾತನ್ನೂ ನೆನೆಯಬೇಕು. ಚಳಿಗಾಲದಲ್ಲಿ ಗದಗದ ಮಾಗಡಿ ಕೆರೆಗೆ, ನಂಜನಗೂಡಿನ ಬಳಿಯ ಹದಿನಾರು ಕೆರೆಗೆ ಬರುವ ಅತಿಥಿ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಹಕ್ಕಿಗಳನ್ನು ನಮ್ಮ ವೀಕ್ಷಕರು ಇಲ್ಲಿ ಕಂಡಿದ್ದಾರೆ. ಇವು ಎವರೆಸ್ಟ್ ಮೇಲಿಂದಲೇ ಹಾರಿ ಬರುತ್ತವೆ ಅಂತ ಬಹಳ ಕಾಲ ನಂಬಿದ್ದೆವು. ಹಕ್ಕಿಯ ಮೈಗೆ ಉಪಕರಣ ಕಟ್ಟಿ ನೋಡಿದಾಗ ಬೇರೆಯೇ ಕಂಡಿತು. ಅವು ಆದಷ್ಟು ಕಣಿವೆಗಳನ್ನು ಹಿಡಿದು, ನೆಲದ ಏರಿಳಿತದ ಜೊತೆಗೇ ಏರಿ ಇಳಿದು ಹಿಮಾಲಯ ದಾಟುತ್ತವೆ. ತೆಳು ಗಾಳಿಯಲ್ಲಿ ಮೇಲೇ ಉಳಿಯುವುದಕ್ಕಿಂತ ಹಾಗೆ ಮಾಡಿದರೆ ಶಕ್ತಿ ಉಳಿತಾಯ. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ 7290 ಮೀಟರ್.

ಇಂಥ ಕೆಲಸ ನಮ್ಮಲ್ಲಿ ಯಾಕೆ ಇನ್ನಷ್ಟು ನಡೆಯುವುದಿಲ್ಲ? ಪ್ರತಿಭೆಯ ಕೊರತೆ ಇಲ್ಲ. ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 78ರವರೆಗೆ ಬಂಡೀಪುರದಲ್ಲಿ ಸೀಳುನಾಯಿಗಳ ಹಿಂದೆ ನಡೆದಾಗ, ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ದೊಡ್ಡ ಪ್ರಾಣಿಯನ್ನು ಹೀಗೆ ಅಧ್ಯಯನ ಮಾಡಿದ ಮೊದಲ ಭಾರತೀಯರಲ್ಲಿ ಒಬ್ಬರಾಗಿದ್ದರು. ಸೀಳುನಾಯಿ ಕೊಂದವರಿಗೆ ಇನಾಮು ಕೊಡುತ್ತಿದ್ದ ಕಾಲ ಆಗಷ್ಟೇ ಮುಗಿದಿತ್ತು. ಈಗ ಬೆಂಗಳೂರಿನಲ್ಲೇ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ತರಗತಿ ಇದೆ, ಒಳ್ಳೆಯ ಸಂಸ್ಥೆಗಳಿವೆ. ತೊಡಕು ಇರುವುದು ಬೇರೆ ಕಡೆ. ಅನುದಾನ ಮೂರು ವರ್ಷದ್ದು, ಹುಲಿಯ ಒಂದು ತಲೆಮಾರಿಗೇ ಅದು ಸಾಲುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಸಂಶೋಧನೆಗೆ ಕಾಡಿನೊಳಗೆ ಹೋಗಲು ಅವಕಾಶ ಇದೆ. ಆದರೆ ಸಂಶೋಧಕನ ಮಾತು ಇಲಾಖೆಗೆ ಹಿಡಿಸದಿದ್ದರೆ ಮುಂದಿನ ಅನುಮತಿ ಏನಾಗುತ್ತದೋ ಅನ್ನುವ ಭಯವೂ ಇದೆ. ತನ್ನ ಲೆಕ್ಕವನ್ನು ಬೇರೆಯವರು ಪರೀಕ್ಷಿಸಲು ಬಿಡುವ ಇಲಾಖೆಯನ್ನು ಜನ ಹೆಚ್ಚು ನಂಬುತ್ತಾರೆ, ಅಲ್ವಾ? ಕ್ಯಾಮೆರಾ ಎಲ್ಲಿತ್ತು ಅನ್ನುವುದನ್ನು ಕಳ್ಳಬೇಟೆಗಾರರಿಂದ ಮುಚ್ಚಿಡಬೇಕು, ಸರಿ. ಲೆಕ್ಕದ ವಿಧಾನ ಮತ್ತು ಉಳಿದ ಮಾಹಿತಿಯನ್ನು ಸ್ವತಂತ್ರ ಸಂಶೋಧಕರಿಗೆ ಕೊಡುವುದಕ್ಕೆ ಅಂಥ ಅಡ್ಡಿ ಏನೂ ಇಲ್ಲ.

ಕಾಡಿನ ಒಳಗೆ ಈ ಕೆಲಸ ಹೊರುವವರ ಬಗ್ಗೆಯೂ ಹೇಳಬೇಕು. ಕ್ಯಾಮೆರಾ ಕಟ್ಟುವ ಜಾಗ ತೋರಿಸುವವರು ಜೇನುಕುರುಬ, ಕಾಡುಕುರುಬ, ಸೋಲಿಗ ಸಮುದಾಯದ ವಾಚರ್‌ಗಳು. ಆನೆ ಗಾಳಿಯ ಯಾವ ಕಡೆ ಇದೆ ಅಂತ ಮೊದಲು ತಿಳಿಯುವುದು ಅವರಿಗೆ. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ವಾರಗಟ್ಟಲೆ ಮನೆ ಬಿಟ್ಟು ಇರುವವರು ಅವರೇ. ಬಹಳ ಮಂದಿ ದಿನಗೂಲಿ ಇಲ್ಲವೇ ಹೊರಗುತ್ತಿಗೆ ನೌಕರರು. ಪ್ರಬಂಧ ಪ್ರಕಟವಾದಾಗ ಅವರ ಹೆಸರು ಇದ್ದರೆ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ. ಇಪ್ಪತ್ತು ವರ್ಷ ಒಂದೇ ಕಾಡನ್ನು ನೋಡಿದವರು ಅಲ್ಲಿ ಅವರೊಬ್ಬರೇ ಇರುತ್ತಾರೆ. ಸಂಶೋಧಕರು ಬದಲಾಗುತ್ತಾರೆ, ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ವರ್ಗವಾಗಿ ಹೋಗುತ್ತಾರೆ. ಅವರಿಗೆ ಖಾಯಂ ಕೆಲಸ ಕೊಟ್ಟು, ತರಬೇತಿ ಕೊಟ್ಟು, ದಾಖಲಿಸುವ ಜವಾಬ್ದಾರಿಯನ್ನೂ ಅವರ ಹೆಸರಿನಲ್ಲೇ ಕೊಟ್ಟರೆ ದೀರ್ಘಕಾಲದ ಅಧ್ಯಯನದ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಇನ್ನರ್ಧಕ್ಕೆ ಬೇಕಾದ ಮಾಹಿತಿ ಈಗಾಗಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿದೆ. ಹುಲಿ ಹಸು ಕೊಂದಾಗ ರೈತ ಪರಿಹಾರಕ್ಕೆ ಅರ್ಜಿ ಹಾಕುತ್ತಾನೆ. ಅದರಲ್ಲಿ ತಾರೀಕು ಇರುತ್ತದೆ, ಊರು ಇರುತ್ತದೆ, ಸತ್ತ ಪ್ರಾಣಿ ಯಾವುದು ಅಂತ ಇರುತ್ತದೆ. ದಾಳಿ ಕಾಡಿನೊಳಗೆ ನಡೆಯಿತಾ, ಹೊಲದಲ್ಲಾ, ಕೊಟ್ಟಿಗೆಯಲ್ಲಾ, ಹಗಲಾ ರಾತ್ರಿಯಾ ಅನ್ನುವುದನ್ನೂ ಅದಕ್ಕೆ ಸೇರಿಸಬಹುದು. ಹತ್ತು ವರ್ಷದ ಅರ್ಜಿಗಳನ್ನು ಒಂದು ನಕ್ಷೆಯ ಮೇಲೆ ಹಾಕಿ, ಅದೇ ಅಂಚಿನ ಕ್ಯಾಮೆರಾ ಫೋಟೋಗಳ ಪಕ್ಕ ಇಟ್ಟರೆ, ಯಾವ ಊರಿಗೆ ಯಾವ ತಿಂಗಳಲ್ಲಿ ಕೊಟ್ಟಿಗೆ ಭದ್ರ ಮಾಡಲು ಸಹಾಯ ಬೇಕು, ಎಲ್ಲಿ ಸಂಜೆ ಎಚ್ಚರಿಕೆ ಕಳಿಸಬೇಕು ಅಂತ ಕಾಣತೊಡಗುತ್ತದೆ. ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಮಾಡಬಹುದಾದ ಕೆಲಸ ಇದು. ಸರಗೂರು, ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಹನೂರು ತಾಲ್ಲೂಕುಗಳ ಅರ್ಜಿಗಳಿಂದಲೇ ಶುರು ಮಾಡಬಹುದು.